ಆಟಿಸಂ ಇರುವ ಮಗುವಿಗೆ ನಿದ್ದೆ ಬರ್ತಿಲ್ವಾ? ಜೀನ್ ಕಡೆಯಿಂದಲೂ ನೋಡಿ

ರಾತ್ರಿ ಎರಡು ಗಂಟೆಗೆ ಮಗು ಎದ್ದು ಕೂತು ಲೈಟ್ ಹಾಕಿ ಆರಿಸಿ ಆಡುತ್ತಿದೆಯಾ? "ನೀವೇ ಅಭ್ಯಾಸ ಕೆಡಿಸಿದ್ದು" ಅನ್ನುವವರ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ನಿದ್ದೆಯ ತೊಂದರೆ ಇರುತ್ತದೆ. ಮಿದುಳಿನ ಬೆಳವಣಿಗೆಗೆ ಬೇಕಾದ ಕೆಲವು ಜೀನ್‌ಗಳಿಗೆ ನಿದ್ದೆಯಲ್ಲೂ ಪಾತ್ರ ಇದೆ. ಉದಾಹರಣೆಗೆ ಶ್ಯಾಂಕ್3. ನರಕೋಶಗಳು ಒಂದಕ್ಕೊಂದು ಸೇರುವ ಜಾಗಕ್ಕೆ ಆಧಾರ ಕೊಡುವ ಜೀನ್ ಇದು, ಕೆಟ್ಟರೆ ಆಟಿಸಂ ಲಕ್ಷಣಗಳ ಜೊತೆ ನಿದ್ದೆಯೂ ಕೆಡಬಹುದು. ರಾತ್ರಿ ಆಯಿತು, ಮಲಗು ಅಂತ ದೇಹಕ್ಕೆ ಹೇಳುವ ಹಾರ್ಮೋನ್ ಮೆಲಟೋನಿನ್ ತಯಾರಾಗುವ ಕೊನೇ ಹಂತಕ್ಕೆ ಬೇಕಾದ ಎಎಸ್‌ಎಂಟಿ ಜೀನ್‌ನಲ್ಲೂ ಆಟಿಸಂ ಇರುವ ಕೆಲವರಲ್ಲಿ ಬದಲಾವಣೆ ಸಿಕ್ಕಿದೆ.

ಮೊದಲು ಎರಡು ವಾರ ಡೈರಿ ಬರೆಯಿರಿ. "ಸರಿಯಾಗಿ ಮಲಗಲ್ಲ" ಅಂದರೆ ಡಾಕ್ಟರಿಗೆ ಏನೂ ತಿಳಿಯಲ್ಲ. "9.30ಕ್ಕೆ ಮಲಗಿಸಿದೆ, 11.45ಕ್ಕೆ ನಿದ್ದೆ ಹತ್ತಿತು, 3.10ಕ್ಕೆ ಎದ್ದು 5ರವರೆಗೆ ಗುನುಗುತ್ತಿದ್ದ, ಮಧ್ಯಾಹ್ನ ತೂಕಡಿಸಿದ" ಅಂತ ಬರೆದರೆ ಎಲ್ಲಿ ತೊಂದರೆ ಅಂತ ಕಾಣುತ್ತದೆ. ಮನೆಯಲ್ಲಿ ಬೇರೆ ಯಾರಿಗೆ ನಿದ್ದೆ ಕಡಿಮೆ, ಯಾರಿಗೆ ಫಿಟ್ಸ್, ಯಾರು ಮಾತು ತಡವಾಗಿ ಕಲಿತರು, ಇದನ್ನೂ ಕೇಳಿ ಬರೆದಿಡಿ.

ಎಲ್ಲಕ್ಕೂ ಜೀನ್ ಕಾರಣ ಅಂತ ಸುಮ್ನೆ ಕೂರಬೇಡಿ. ಗೊರಕೆ, ಮಲಬದ್ಧತೆ, ಎದೆಯುರಿ ಇದೆಯಾ ನೋಡಿಸಿ. ಮಲಗಿದಾಗ ಕಾಲು ಒದರುತ್ತಿದ್ದರೆ ಫೆರಿಟಿನ್ ಪರೀಕ್ಷೆ (ದೇಹದಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅಂತ ನೋಡುವ ರಕ್ತ ಪರೀಕ್ಷೆ) ಕೇಳಿ, ಕಬ್ಬಿಣದ ಅಂಶ ಕಡಿಮೆಯಾದರೂ ಹಾಗಾಗುತ್ತದೆ.

ಜೀನ್ ಪರೀಕ್ಷೆಯ ಮಾತು ಬಂದಾಗ ಡೈರಿ ತಗೊಂಡು ಹೋಗಿ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ ಅನ್ನುವಂತಿದ್ದರೆ ಅದನ್ನು ಒತ್ತಿ ಹೇಳಿ, ಯಾಕಂದರೆ ಜೀನ್‌ಗಳನ್ನು ಹೊತ್ತಿರುವ ಕ್ರೋಮೋಸೋಮ್‌ಗಳಲ್ಲಿ 17ನೆಯದರ ಒಂದು ಚೂರು ಇಲ್ಲದಿದ್ದಾಗ ಬರುವ ಸ್ಮಿತ್-ಮೆಜೆನಿಸ್ ಸಿಂಡ್ರೋಮ್‌ನಲ್ಲಿ ಮೆಲಟೋನಿನ್ ಹಗಲಿನಲ್ಲೇ ಏರುತ್ತದೆ. ಸಾಮಾನ್ಯವಾಗಿ ಮೈಕ್ರೋಅರೇ (ಕ್ರೋಮೋಸೋಮ್‌ನ ಚೂರು ಕಡಿಮೆಯೋ ಹೆಚ್ಚೋ ಅಂತ ನೋಡುವುದು) ಅಥವಾ ಎಕ್ಸೋಮ್ (ಜೀನ್‌ಗಳನ್ನೇ ಓದಿ ನೋಡುವುದು) ಪರೀಕ್ಷೆ ಬರೆದುಕೊಡುತ್ತಾರೆ. ಏನೂ ಸಿಗಲಿಲ್ಲ ಅಂದರೆ ಜೀನ್ ಕಾರಣವೇ ಇಲ್ಲ ಅಂತಲ್ಲ. ಹೆಚ್ಚಿನವರಲ್ಲಿ ಸಣ್ಣ ಸಣ್ಣ ಬದಲಾವಣೆಗಳು ಬಹಳ ಸೇರಿಕೊಂಡಿರುತ್ತವೆ, ಒಂದೊಂದನ್ನೇ ಬೊಟ್ಟು ಮಾಡಿ ತೋರಿಸೋಕೆ ಆಗಲ್ಲ.

ಜೀನ್ ಯಾವುದೇ ಇರಲಿ, ಬೆಳಗಿನ ಬೆಳಕು, ರಾತ್ರಿ ಕತ್ತಲೆ, ದಿನಾ ಅದೇ ಹೊತ್ತಿಗೆ ಹಾಸಿಗೆ ಬೇಕೇ ಬೇಕು. ಅದು ಸಾಲದಿದ್ದರೆ ಮಾತ್ರ ಮೆಲಟೋನಿನ್, ಅದೂ ಡಾಕ್ಟರು ಹೇಳಿದಷ್ಟೇ. ಶುರುವಿನಲ್ಲಿ ಚೆನ್ನಾಗಿ ಕೆಲಸ ಮಾಡಿ ಆಮೇಲೆ ನಿಂತುಹೋದರೆ ನೀವಾಗಿ ಪ್ರಮಾಣ ಹೆಚ್ಚಿಸಬೇಡಿ. ಕೆಲವರ ದೇಹ ಅದನ್ನು ನಿಧಾನವಾಗಿ ಕರಗಿಸುತ್ತದೆ, ಹಗಲಲ್ಲೂ ರಕ್ತದಲ್ಲಿ ಉಳಿದುಬಿಡುತ್ತದೆ. ಅಂಥವರಿಗೆ ಕಡಿಮೆ ಮಾಡಿದರೇನೇ ಮತ್ತೆ ನಿದ್ದೆ ಬರುವುದು. ಆ ದಿನಗಳದ್ದೂ ಡೈರಿ ಬರೆದು ಡಾಕ್ಟರಿಗೆ ತೋರಿಸಿ.