ನೀರಲ್ಲಿಟ್ಟ ಕಲ್ಚರ್ ನಾಲ್ಕು ವರ್ಷ ಆದಮೇಲೂ ಅಣಬೆ ಕೊಟ್ಟಿತು

ಕೆಲವು ತಿಂಗಳ ಹಿಂದೆ ಒಂದು ಹಳೇ ಟ್ಯೂಬ್ ತೆಗೆದೆ. ಚಿಪ್ಪಣಬೆ ಕಲ್ಚರ್, ಅಂದರೆ ಅಣಬೆ ಬೀಜಕ್ಕೆ ಮೂಲವಾದ ಜೀವಂತ ಎಳೆ, ಬರೀ ನೀರಲ್ಲಿ ಮುಳುಗಿಸಿಟ್ಟು ನಾಲ್ಕು ವರ್ಷ ದಾಟಿತ್ತು. ಲೇಬಲ್ ಮೇಲಿನ ಮಾರ್ಕರ್ ಶಾಯಿ ಅರ್ಧ ಅಳಿಸಿತ್ತು. ತಳದಲ್ಲಿ ಐದಾರು ಅಗಾರ್ (ಕಲ್ಚರ್ ಬೆಳೆಸುವ ಜೆಲ್ಲಿ) ತುಂಡು ಮಂಕಾಗಿ ಕೂತಿದ್ದವು. ಒಂದನ್ನು ಹೊಸ ಅಗಾರ್ ಪ್ಲೇಟಿಗೆ ಹಾಕಿದೆ. ಐದು ದಿನ ಏನೂ ಇಲ್ಲ. ಆರನೇ ದಿನ ಟಾರ್ಚ್ ಹಿಡಿದು ಓರೆಯಾಗಿ ನೋಡಿದರೆ, ತುಂಡಿನ ಒಂದು ಅಂಚಲ್ಲಿ ಬಿಳಿ ರೋಮ ಎದ್ದಿತ್ತು. ಹನ್ನೆರಡನೇ ದಿನಕ್ಕೆ ಪ್ಲೇಟ್ ತುಂಬಿತು.

ಇದನ್ನು ಶುರು ಮಾಡಿದಾಗ ಅಣಬೆ ಬೆಳೆಯುವ ಜೊತೆಗಾರರೊಬ್ಬರು ನಕ್ಕಿದ್ದರು. "ನೀರಲ್ಲಿಟ್ಟರೆ ಕೊಳೆಯುತ್ತೆ ಅಷ್ಟೇ. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ" ಅಂದರು. ಅವರು ಇಪ್ಪತ್ತು ವರ್ಷದಿಂದ ಸ್ಪಾನ್ (ಅಣಬೆ ಬೀಜ) ಮಾಡುವವರು, ಎದುರು ಮಾತಾಡಲಿಲ್ಲ. ಆದರೆ ನನ್ನ ಹತ್ತಿರ ಬೇರೆ ದಾರಿ ಉಳಿದಿರಲಿಲ್ಲ.

ಅದಕ್ಕೂ ಮುಂಚೆ ಒಂದೂವರೆ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡೋದೇ. ಕಲ್ಚರನ್ನು ಪ್ಲೇಟಿಂದ ಪ್ಲೇಟಿಗೆ ವರ್ಗಾಯಿಸೋದು, ಎರಡು ತಿಂಗಳಿಗೊಮ್ಮೆ. ಬಿಳಿಯಾಗಿ ಬೆಳೀತಿದೆ ಅಲ್ವಾ, ಇನ್ನೇನು ಬೇಕು ಅಂತ ನಿಶ್ಚಿಂತೆಯಲ್ಲಿದ್ದೆ. ಎಂಟೋ ಒಂಬತ್ತೋ ವರ್ಗಾವಣೆ ಆದಮೇಲೆ ಪ್ಲೇಟಲ್ಲಿ ಒಂದು ಕಡೆ ಹತ್ತಿಯ ಹಾಗೆ ಉಬ್ಬಿ, ಇನ್ನೊಂದು ಕಡೆ ತೆಳ್ಳಗೆ ಮಲಗಿ ಬೆಳೆಯೋಕೆ ಶುರುವಾಯಿತು. ನಾನು ಉಬ್ಬಿದ ಕಡೆಯಿಂದಲೇ ಕತ್ತರಿಸಿಕೊಂಡೆ, ಅದೇ ಗಟ್ಟಿ ಅಂದುಕೊಂಡು. ಆ ತುಂಡಿಂದ ಸ್ಪಾನ್ ಆಯಿತು, ಸ್ಪಾನಿಂದ ಸುಮಾರು 80 ಚೀಲ ಆಯಿತು. ಚೀಲಗಳು ಹಾಲಿನ ಹಾಗೆ ಬೆಳ್ಳಗಾದವು. ಒಂದು ವಾರ ಕಾದೆ, ಎರಡು ವಾರ ಕಾದೆ. ಅಲ್ಲೊಂದು ಇಲ್ಲೊಂದು ಮೊಗ್ಗು, ಅದೂ ಒಣಗಿ ಹೋಯಿತು. ಹುಲ್ಲು, ಕಾಳು, ಚೀಲ, ಉರಿಸಿದ ಗ್ಯಾಸ್, ಎಲ್ಲ ಸೇರಿ ಆ ಸಲದ ನಷ್ಟಕ್ಕೆ ಹೊಸ ಕಲ್ಚರ್ ಹತ್ತು ಸಲ ತರಿಸಬಹುದಿತ್ತು. ಅದಕ್ಕಿಂತ ಹೊಟ್ಟೆ ಉರಿದದ್ದು, ಆ ತಳಿಯೇ ಮತ್ತೆ ಸಿಗಲಿಲ್ಲ. ಕೊಟ್ಟವರ ಹತ್ತಿರವೂ ಸತ್ತಿತ್ತು.

ಆಮೇಲೆ ಫ್ರಿಜ್. ಓರೆಯಾಗಿ ಅಗಾರ್ ಹೆಪ್ಪುಗಟ್ಟಿಸಿದ, ಹತ್ತಿ ಮುಚ್ಚಳದ ಟ್ಯೂಬ್, ಅಂದರೆ ಸ್ಲ್ಯಾಂಟ್‌ಗಳನ್ನು 4 ಡಿಗ್ರಿಯಲ್ಲಿ ಸಾಲಾಗಿ ನಿಲ್ಲಿಸಿದೆ. ಐದಾರು ತಿಂಗಳು ಚೆನ್ನಾಗಿತ್ತು. ಆಮೇಲೆ ಅಗಾರ್ ಸುರುಟಿ ಗಾಜು ಬಿಟ್ಟಿತು. ಕೆಲವದರಲ್ಲಿ ಹಸಿರು ಬೂಷ್ಟು. ಒಂದು ಟ್ಯೂಬಲ್ಲಿ ಬೂಷ್ಟು ಸಣ್ಣ ಸಣ್ಣ ಚುಕ್ಕಿಯಾಗಿ, ಯಾರೋ ನಡೆದ ಹೆಜ್ಜೆಯ ಹಾಗೆ ಸಾಲಾಗಿತ್ತು. ಲೆನ್ಸ್ ಹಿಡಿದು ನೋಡಿದರೆ ನುಸಿ ಹುಳ. ಅವು ಹತ್ತಿ ದಾಟಿ ಟ್ಯೂಬಿಂದ ಟ್ಯೂಬಿಗೆ ಹೋಗಿದ್ದವು. ಆ ಸ್ಟ್ಯಾಂಡ್ ಪೂರ್ತಿ ಕುಕ್ಕರಿಗೆ ಹಾಕಿ ಬೇಯಿಸಿ ಎಸೆದೆ.

ಫ್ರೀಜರ್ ಕೂಡ ನೋಡಿಬಿಟ್ಟೆ. ಎಳೆ ಕಾಪಾಡೋಕೆ 10% ಗ್ಲಿಸರಾಲ್, ಚಿಕ್ಕ ವಯಲ್, ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ನಿಧಾನ ತಣ್ಣಗಾಗಲಿ ಅಂತ. ಮನೆ ಫ್ರೀಜರ್ ಮೈನಸ್ 18ರ ಆಸುಪಾಸು ಇರುತ್ತೆ, ಅದರಲ್ಲೂ ಐಸ್ ಕಟ್ಟದ ಮಾಡೆಲ್ ಆದರೆ ಆಗಾಗ ತಾನೇ ಬೆಚ್ಚಗಾಗಿ ಮತ್ತೆ ತಣ್ಣಗಾಗುತ್ತೆ. ಹನ್ನೆರಡರಲ್ಲಿ ಎದ್ದಿದ್ದು ಒಂದು. ಲ್ಯಾಬಿನವರ ಮೈನಸ್ 80 ಅಥವಾ ಮೈನಸ್ 196ರ ಲಿಕ್ವಿಡ್ ನೈಟ್ರೋಜನ್ ಕತೆಯೇ ಬೇರೆ. ನಮ್ಮಂಥವರಿಗಲ್ಲ.

ನೀರಿನ ವಿಧಾನ ನನ್ನದೇನಲ್ಲ. ಕ್ಯಾಸ್ಟೆಲಾನಿ ಅನ್ನುವ ವೈದ್ಯರು ಚರ್ಮರೋಗದ ಶಿಲೀಂಧ್ರಗಳನ್ನು ಹೀಗೆ ಡಿಸ್ಟಿಲ್ಡ್ ನೀರಲ್ಲಿ ಇಟ್ಟು 1939ರಲ್ಲೇ ಬರೆದಿದ್ದರು. ತಿನ್ನೋಕೆ ಏನೂ ಇಲ್ಲ, ಉಸಿರಾಡೋಕೂ ಕಷ್ಟ, ಹಾಗಾಗಿ ಮೈಸೀಲಿಯಂ (ಅಣಬೆಯ ಬಿಳಿ ಎಳೆ) ಸುಮ್ನೆ ಮಲಗುತ್ತೆ.

ಹಾಗಂತ ನೀರಲ್ಲೂ ಮೊದಲ ಸಲ ಎಡವಟ್ಟು ಮಾಡಿಕೊಂಡೆ. ಪ್ಲೇಟ್ ಪೂರ್ತಿ ತುಂಬಿ, ಹಳದಿ ನೀರು ಬಿಡುವವರೆಗೆ ಬಿಟ್ಟು ಆಮೇಲೆ ಕತ್ತರಿಸಿದೆ. ವರ್ಷದೊಳಗೆ ಮುಕ್ಕಾಲು ಭಾಗ ಸತ್ತವು. ತುಂಡುಗಳನ್ನು ಜಾಸ್ತಿ ತುಂಬಿದ್ದೂ ತಪ್ಪು. ಅಗಾರಿನ ಸಕ್ಕರೆ ನೀರಿಗೆ ಇಳಿದು, ಅಡಗಿದ್ದ ಬ್ಯಾಕ್ಟೀರಿಯಾಕ್ಕೆ ಹಬ್ಬ ಆಯಿತು. ನೀರು ಗಂಜಿಯಾಯಿತು.

ಎರಡನೇ ಸಲ ಅಗಾರಿಗೆ ಹಾಕುವ ಮಾಲ್ಟ್ (ಮೊಳಕೆ ಧಾನ್ಯದ ಸಿಹಿ ಸಾರ) ಅರ್ಧಕ್ಕೆ ಇಳಿಸಿದೆ, ಲೀಟರಿಗೆ 10 ಗ್ರಾಂ. ಪ್ಲೇಟ್ ಅರ್ಧ ತುಂಬಿದಾಗ, ಓಡುತ್ತಿರುವ ಅಂಚಿನಿಂದ ಮಾತ್ರ ತುಂಡು ತೆಗೆದೆ. ತೆಗೆಯೋದು ಹಳೇ ರೇಡಿಯೋ ಆಂಟೆನಾದ ಒಂದು ಕೊಳವೆಯಲ್ಲಿ. ಕೆಂಪಗೆ ಕಾಯಿಸಿ, ಆರಿಸಿ, ಒತ್ತಿದರೆ 5 ಮಿಲಿಮೀಟರಿನ ಗುಂಡನೆ ತುಂಡು ಬರುತ್ತೆ, ಹಿಂದಿನಿಂದ ತಂತಿ ತೂರಿಸಿದರೆ ಟ್ಯೂಬಿಗೆ ಬೀಳುತ್ತೆ. ಇದೇ ಕೆಲಸಕ್ಕೆ ಅಂತ ಮಾರೋ ಕಾರ್ಕ್ ಬೋರರ್ ದುಡ್ಡು ಉಳಿಯಿತು. ಸ್ಕ್ರೂ ಮುಚ್ಚಳದ ಗಾಜಿನ ಟ್ಯೂಬ್, 7-8 ಮಿಲಿ ಡಿಸ್ಟಿಲ್ಡ್ ನೀರು, ಐದಾರು ತುಂಡು, ಅದಕ್ಕಿಂತ ಜಾಸ್ತಿ ಬೇಡ. ತುಂಡು ಹಾಕುವ ಮುಂಚೆ ನೀರಿನ ಟ್ಯೂಬನ್ನು ಕುಕ್ಕರಿಗೆ ಇಡುವಾಗ ಮುಚ್ಚಳ ಅರ್ಧ ಸುತ್ತು ಸಡಿಲ ಇರಲಿ. ನಾನು ಬಿಗಿ ಮಾಡಿಟ್ಟು ನಾಲ್ಕು ಟ್ಯೂಬ್ ಒಡೆದುಕೊಂಡಿದ್ದೇನೆ.

ತುಂಡು ಹಾಕಿದ ಮೇಲೆ ಎರಡು ವಾರ ಟ್ಯೂಬನ್ನು ಹೊರಗೇ ಬೆಚ್ಚಗಿಡಿ. ಕಳ್ಳ ಬ್ಯಾಕ್ಟೀರಿಯಾ ಇದ್ದರೆ ಆಗಲೇ ಮಬ್ಬು ಕಾಣುತ್ತೆ. ತಕ್ಷಣ ಫ್ರಿಜ್ಜಿಗೆ ಹಾಕಿದರೆ ಅದು ಬಚ್ಚಿಟ್ಟುಕೊಂಡು, ವರ್ಷಗಳ ನಂತರ ಪ್ಲೇಟಿನ ಮೇಲೆ ಮುಖ ತೋರಿಸುತ್ತೆ. ಈ ಎರಡು ವಾರದ ತಾಳ್ಮೆ ನನಗೆ ಬಂದದ್ದು ಬಹಳ ಕಳಕೊಂಡಮೇಲೆ.

ಕತ್ತರಿಸುವ ಮುಂಚಿನ ಕೊನೇ ಪ್ಲೇಟಿಗೆ ನಾನು ಮಾಲ್ಟ್ ಜೊತೆ ಇನ್ನೊಂದು ಚಿಟಿಕೆ ಹಾಕುತ್ತೇನೆ. ಏನು ಅಂತ ಇಲ್ಲಿ ಹೇಳೋದಿಲ್ಲ. ಕೈಯಾರೆ ನಾಲ್ಕು ಸಲ ಮಾಡಿ ನೋಡಿದವರಿಗೆ ಅದು ತಾನಾಗೇ ಹೊಳೆಯುತ್ತೆ. ಮುಚ್ಚಳದ ಮೇಲಿನ ಸೀಲ್ ವಿಷಯದಲ್ಲೂ ಹಾಗೇ. ಪ್ಯಾರಾಫಿಲ್ಮ್ (ಮೇಣದಂಥ ಹಿಗ್ಗುವ ಪಟ್ಟಿ) ಅಲ್ಲ ಅಂತ ಮಾತ್ರ ಹೇಳಬಲ್ಲೆ, ಅದು ವರ್ಷದಲ್ಲಿ ಬಿರುಕು ಬಿಟ್ಟಿತು.

ಎರಡನೇ ಸಲದ ಆ ಬ್ಯಾಚಲ್ಲಿ 36 ಟ್ಯೂಬ್ ಇದ್ದವು. ಮೂರು ಮಬ್ಬಾಗಿ ಹೋದವು. ಇಲ್ಲಿಯವರೆಗೆ ತೆಗೆದ ಮೂವತ್ತರಲ್ಲಿ 27 ಎದ್ದಿವೆ, ಅಥವಾ 28, ಪುಸ್ತಕ ನೋಡಬೇಕು. ಅರ್ಧ ಫ್ರಿಜ್ಜಲ್ಲಿ, ಅರ್ಧ ಕತ್ತಲೆ ಕಪಾಟಲ್ಲಿ ಇಟ್ಟಿದ್ದೆ. ಚಿಪ್ಪಣಬೆಗೆ ಎರಡರಲ್ಲಿ ಅಂಥಾ ವ್ಯತ್ಯಾಸ ಕಾಣಲಿಲ್ಲ. ಶಿಟಾಕೆ ಅಣಬೆ ಎದ್ದೇಳೋಕೆ ಸೋಮಾರಿ, ಹದಿನೈದು ದಿನ ತಗೊಂಡಿತು, ಆದರೆ ಎದ್ದಿತು. ಭತ್ತದ ಹುಲ್ಲಿನ ಅಣಬೆಯನ್ನು ಮಾತ್ರ ಫ್ರಿಜ್ ಹತ್ತಿರ ಸುಳಿಯಲು ಬಿಡಬೇಡಿ. ನೀರಲ್ಲಿರಲಿ, ಸ್ಲ್ಯಾಂಟಲ್ಲಿರಲಿ, 4 ಡಿಗ್ರಿಯಲ್ಲಿ ಅದು ಉಳಿಯೋದಿಲ್ಲ. ಬೇರೆ ಬ್ಯಾಚಿನ ನನ್ನ ಆರು ಟ್ಯೂಬ್ ಹಾಗೇ ಹೋದವು. ಗುಲಾಬಿ ಚಿಪ್ಪಣಬೆಗೂ ಚಳಿ ಆಗಿಬರೋದಿಲ್ಲ. ಇವೆರಡನ್ನೂ ಹಾಲಣಬೆಯನ್ನೂ ಈಗ ಕಪಾಟಲ್ಲೇ ಇಡುತ್ತೇನೆ.

ನಡುವೆ ತಲೆಹರಟೆ ಪ್ರಯೋಗಗಳೂ ಆದವು. ಅಗಾರ್ ಬದಲು ಮೈಸೀಲಿಯಂ ಹಬ್ಬಿದ ಹಲ್ಲುಕಡ್ಡಿ ಚೂರುಗಳನ್ನು ನೀರಿಗೆ ಹಾಕಿದೆ. ಎರಡು ವರ್ಷ ಆದಮೇಲೆ ಅವು ಅಗಾರ್ ತುಂಡಿಗಿಂತ ಬೇಗ, ಮೂರೇ ದಿನದಲ್ಲಿ ಎದ್ದವು. ಇದನ್ನು ಇನ್ನಷ್ಟು ಮಾಡಿ ನೋಡಬೇಕು. ಮಿನರಲ್ ಆಯಿಲ್ ಹಾಕಿದ ಸ್ಲ್ಯಾಂಟ್ ಕೂಡ ಮೂರು ವರ್ಷ ಬದುಕಿತು, ಸುಳ್ಳು ಹೇಳಬಾರದು. ಆದರೆ ತೆಗೆಯುವಾಗ ಎಣ್ಣೆ ಜಿನುಗಿ, ಕಲ್ಚರ್ ತೆಗೆಯುವ ತಂತಿ ಲೂಪನ್ನು ಉರಿಗೆ ಹಿಡಿದರೆ ಚಟಪಟ ಸಿಡಿದು, ಪ್ಲೇಟೆಲ್ಲ ಜಿಡ್ಡು. ಕಾರ್ಡಿಸೆಪ್ಸ್ ಮಿಲಿಟಾರಿಸ್ ಅನ್ನುವ ಔಷಧಿ ಅಣಬೆ ನೀರಿಂದ ಎದ್ದಿತು, ಕಿತ್ತಳೆ ಬಣ್ಣಕ್ಕೂ ತಿರುಗಿತು, ಆದರೆ ಕಡ್ಡಿಯಂಥ ಅಣಬೆ ಬಿಡಲೇ ಇಲ್ಲ. ಮೊದಲೇ ಮೂರ್ನಾಲ್ಕು ವರ್ಗಾವಣೆ ಆಗಿದ್ದ ಕಲ್ಚರ್ ಅದು, ತಪ್ಪು ನೀರಿನದೋ ನನ್ನದೋ ಗೊತ್ತಾಗಲಿಲ್ಲ.

ಪ್ಲೇಟ್ ಬೆಳ್ಳಗಾದರೆ ಗೆದ್ದ ಹಾಗಲ್ಲ, ಅದನ್ನು ಆ 80 ಚೀಲ ಕಲಿಸಿತ್ತು. ಅದಕ್ಕೇ ನಾಲ್ಕು ವರ್ಷದ ಟ್ಯೂಬಿಂದ ಹತ್ತು ಚೀಲ, ವರ್ಗಾವಣೆಯಲ್ಲೇ ಓಡಿಸಿಕೊಂಡು ಬಂದ ಅದೇ ತಳಿಯಿಂದ ಹತ್ತು ಚೀಲ, ಪಕ್ಕಪಕ್ಕ ನೇತುಹಾಕಿದೆ. ಒಣ ಹುಲ್ಲು ಚೀಲಕ್ಕೆ ಒಂದು ಕಿಲೋ. ಎರಡು ಕೊಯ್ಲಿಗೆ ಟ್ಯೂಬಿನವು ಚೀಲಕ್ಕೆ ಸರಾಸರಿ 750 ಗ್ರಾಂ ಕೊಟ್ಟವು. ಇನ್ನೊಂದು ಸಾಲು 500 ಮುಟ್ಟೋಕೆ ಒದ್ದಾಡಿತು.

ಜೊತೆಗಾರರನ್ನು ಕರೆದು ಎರಡೂ ಸಾಲು ತೋರಿಸಿದೆ. ಸುಮಾರು ಹೊತ್ತು ಚೀಲ ತಿರುಗಿಸಿ ತಿರುಗಿಸಿ ನೋಡಿದರು. ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳಲಿಲ್ಲ. ಹೊರಡುವಾಗ "ಎರಡು ಟ್ಯೂಬ್ ಕೊಡ್ರಿ, ನೋಡೋಣ" ಅಂದರು. ಕೊಟ್ಟೆ, ಆದರೆ ಹೊಸ ಬ್ಯಾಚಿನವು. ಹಳೇ ಬ್ಯಾಚಲ್ಲಿ ಉಳಿದಿರೋದು ಮೂರೇ. ಅವಕ್ಕೆ ಟೇಪ್ ಸುತ್ತಿ, ಹತ್ತು ವರ್ಷ ತುಂಬುವ ತಾರೀಖು ಬರೆದಿಟ್ಟಿದ್ದೇನೆ. ಈ ಸಲ ಪೆನ್ಸಿಲಲ್ಲಿ.