ಮೈಕ್ ಮೊದಲು, ಕ್ಯಾಮೆರಾ ಆಮೇಲೆ: ನಮ್ಮ ಕ್ರೈಸ್ತ ಸಭೆಯ ಡಿಜಿಟಲ್ ಸೇವೆ ಕಟ್ಟಿದ ನನ್ನ ಅನುಭವ

ಆನ್‌ಲೈನ್ ಸೇವೆಗೆಂದು ಎತ್ತಿಟ್ಟ ಹಣದಲ್ಲಿ ಅರ್ಧದಷ್ಟನ್ನು ಧ್ವನಿಗೇ ಹಾಕುತ್ತೇವೆ ಎಂದಾಗ ಸಮಿತಿಯಲ್ಲಿ ಯಾರಿಗೂ ಸಮಾಧಾನವಿರಲಿಲ್ಲ. ಮೈಕುಗಳ ಧ್ವನಿ ಹೊಂದಿಸುವ ಮಿಕ್ಸರ್ ಮುಂದೆ ಕಾಲೇಜು ಮಕ್ಕಳನ್ನೇ ಕೂರಿಸುತ್ತೇವೆ ಎಂದಾಗಂತೂ ಅನುಮಾನ ಇನ್ನೂ ಹೆಚ್ಚಾಯಿತು. ಮನೆಯಲ್ಲೇ ಆರಾಧನೆ ಸಿಕ್ಕರೆ ಬೆಂಚುಗಳು ಖಾಲಿಯಾಗುತ್ತವೆ ಎಂಬ ಭಯವೂ ಇತ್ತು. ಬೆಂಚು ಖಾಲಿಯಾಗಲಿಲ್ಲ. ಮಕ್ಕಳು ಯಂತ್ರ ಕೆಡಿಸಲಿಲ್ಲ. ಈಗ ಬೇರೆ ಸಭೆಯವರು ನಮ್ಮ ಕೇಬಲ್ ಜೋಡಣೆಯ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಆಕ್ಸ್ ಸೆಂಡ್ (ಮಿಕ್ಸರಿನಿಂದ ಬೇರೆಡೆಗೆ ಕಳಿಸುವ ಪ್ರತ್ಯೇಕ ಧ್ವನಿ ಸಾಲು), ಓಬಿಎಸ್ (ನೇರ ಪ್ರಸಾರದ ತಂತ್ರಾಂಶ), ಕ್ಯಾಪ್ಚರ್ ಕಾರ್ಡ್ (ಕ್ಯಾಮೆರಾದ ಚಿತ್ರವನ್ನು ಕಂಪ್ಯೂಟರಿಗೆ ತರುವ ಸಾಧನ) ಗೊತ್ತಿರುವವರಿಗೆ ಇದು; ಅವನ್ನು ಇಲ್ಲಿ ಹೇಳಿಕೊಡುವುದಿಲ್ಲ.

ಹಣ ಹಂಚಿದ್ದು ನೆನಪಿನಿಂದ ಹೇಳುವುದಾದರೆ ಹೀಗೆ: ನೂರರಲ್ಲಿ ಐವತ್ತು ಧ್ವನಿಗೆ, ಇಪ್ಪತ್ತು ಕ್ಯಾಮೆರಾ ಮತ್ತು ಕ್ಯಾಪ್ಚರ್ ಕಾರ್ಡಿಗೆ, ಹದಿನೈದು ಬೆಳಕಿಗೆ, ಉಳಿದದ್ದು ಯುಪಿಎಸ್, ಕೇಬಲ್, ಸ್ಟ್ಯಾಂಡುಗಳಿಗೆ. ಆಮೇಲೆ ವರ್ಷವರ್ಷವೂ ಇಂಟರ್‌ನೆಟ್, ಹಾಡಿನ ಪರವಾನಗಿ, ಹಾರ್ಡ್ ಡಿಸ್ಕ್ ಎಂದು ಮೊದಲ ಖರ್ಚಿನ ಕಾಲು ಭಾಗದಷ್ಟು ಹೋಗುತ್ತದೆ. ಅದನ್ನು ಮೊದಲೇ ಬಜೆಟ್ಟಿನಲ್ಲಿ ತೋರಿಸದಿದ್ದರೆ ಎರಡನೇ ವರ್ಷ ಕೈಕಟ್ಟಿ ಹೋಗುತ್ತದೆ. ಸಭೆಗಳ ಹಣ ಹೆಚ್ಚು ವ್ಯರ್ಥವಾಗುವುದು ಒಮ್ಮೆಗೇ ಮೂರು ರೋಬೋಟಿಕ್ ಕ್ಯಾಮೆರಾ ಕೊಳ್ಳುವುದರಲ್ಲಿ. ಅವನ್ನು ನಡೆಸಲು ಪ್ರತಿ ಭಾನುವಾರ ಜನ ಬೇಕು, ಜನ ಇರುವುದಿಲ್ಲ, ಕೊನೆಗೆ ಒಂದೇ ಕ್ಯಾಮೆರಾ ಓಡುತ್ತಿರುತ್ತದೆ. ಸ್ಥಿರವಾಗಿ ನಿಂತ ಒಂದು ಕ್ಯಾಮೆರಾದಿಂದ ಬಂದ ಮಸುಕು ಚಿತ್ರವನ್ನು ಜನ ಸಹಿಸುತ್ತಾರೆ. ಪ್ರಸಂಗದ (ಪಾದ್ರಿಯ ಉಪದೇಶದ) ಮಾತು ಗುಂಯ್‌ಗುಟ್ಟಿದರೆ ಎರಡು ನಿಮಿಷವೂ ಕೂರುವುದಿಲ್ಲ.

ಧ್ವನಿಯ ವಿಷಯಕ್ಕೆ ಬರೋಣ. ಸಭಾಂಗಣದ ಸ್ಪೀಕರಿಗೆ ಹೋಗುವ ಮಿಕ್ಸ್ ಅನ್ನೇ ಸ್ಟ್ರೀಮಿಗೂ (ಆನ್‌ಲೈನ್ ನೇರ ಪ್ರಸಾರಕ್ಕೂ) ಕೊಡುವುದು ಎಲ್ಲರೂ ಮೊದಲು ಮಾಡುವ ಕೆಲಸ, ಎಲ್ಲ ಕಡೆಯೂ ಕೆಡುವುದು ಅಲ್ಲೇ. ಡ್ರಮ್ಮು ಕೋಣೆಯಲ್ಲಿ ತಾನಾಗಿಯೇ ಜೋರಾಗಿ ಕೇಳುವುದರಿಂದ ಮಿಕ್ಸರಿನಲ್ಲಿ ಅದನ್ನು ಇಳಿಸಿರುತ್ತಾರೆ. ಹಾಗಾಗಿ ಮನೆಯಲ್ಲಿ ಕೇಳುವವರಿಗೆ ಬರೀ ಗಾಯಕರ ಕೊರಳು, ಅದೂ ಒಣಗಿದ್ದು. ಸ್ಟ್ರೀಮಿಗೆ ಪ್ರತ್ಯೇಕ ಆಕ್ಸ್ ಬೇಕೇ ಬೇಕು, ಅದು ಪೋಸ್ಟ್ ಫೇಡರ್ ಆಗಿರಲಿ, ಅಂದರೆ ಫೇಡರ್ (ಧ್ವನಿ ಏರಿಸಿಳಿಸುವ ಜಾರುಗುಂಡಿ) ಇಳಿಸಿದರೆ ಸ್ಟ್ರೀಮಿನಲ್ಲೂ ಇಳಿಯಬೇಕು. ಪ್ರೀ ಫೇಡರ್ ಇಟ್ಟರೆ ಸಭಾಪಾಲಕರ (ಪಾದ್ರಿಯ) ಕಾಲರ್ ಮೈಕಿನ ಫೇಡರ್ ಕೆಳಗಿಳಿಸಿದ್ದರೂ ಅವರು ಪಕ್ಕಕ್ಕೆ ಹೋಗಿ ಆಡಿದ ಖಾಸಗಿ ಮಾತು ಲೋಕಕ್ಕೆಲ್ಲ ಕೇಳುತ್ತದೆ. ಈ ಮಿಕ್ಸ್ ಮಾಡುವವರು ಸಭಾಂಗಣದಲ್ಲಿ ಕೂರಬಾರದು. ಬೇರೆ ಕೋಣೆಯಲ್ಲಿ, ಮುಚ್ಚಿದ ಹೆಡ್‌ಫೋನ್ ಹಾಕಿ ಕೂರಬೇಕು. ನಡುನಡುವೆ ಫೋನಿನ ಸ್ಪೀಕರಿನಲ್ಲಿ ಕೇಳಿ ನೋಡಬೇಕು, ಯಾಕೆಂದರೆ ಹೆಚ್ಚಿನವರು ಕೇಳುವುದು ಅದರಲ್ಲೇ. ಫೋನ್ ಸ್ಪೀಕರಿನಲ್ಲಿ 200 ಹರ್ಟ್ಸ್‌ಗಿಂತ ಕೆಳಗೆ ಏನೂ ಉಳಿಯುವುದಿಲ್ಲ, ಬೇಸ್ ಗಿಟಾರ್ ಮಾಯ. ಕೀಬೋರ್ಡಿನ ಕೆಲವು ಸ್ಟೀರಿಯೋ ಧ್ವನಿಗಳು ಮೋನೋ ಆದಾಗ ತಮ್ಮನ್ನು ತಾವೇ ಕಳೆದುಕೊಳ್ಳುತ್ತವೆ. ಮೋನೋದಲ್ಲಿ ಕೇಳಿ ಆರಿಸಿ.

ಮಾತಿಗೆ ನಾವು ಇಟ್ಟಿರುವ ಸೆಟ್ಟಿಂಗು: 100 ಹರ್ಟ್ಸ್‌ಗೆ ಹೈ ಪಾಸ್ (ಅದಕ್ಕಿಂತ ಕೆಳಗಿನ ಸದ್ದನ್ನು ಸೋಸಿ ತೆಗೆಯುವುದು), ಕಂಪ್ರೆಸರ್ (ಜೋರು ಮಾತನ್ನು ತಗ್ಗಿಸಿ ಸಮ ಮಾಡುವುದು) 3:1, ಗೇನ್ ಇಳಿತ 4ರಿಂದ 6 ಡಿಬಿ, ಅತಿ ಜೋರಿನ ಮಟ್ಟ ಮೈನಸ್ 6 ಡಿಬಿ ದಾಟದಂತೆ, ಕೊನೆಯಲ್ಲಿ ಮೈನಸ್ 1 ಡಿಬಿಗೆ ಲಿಮಿಟರ್ (ಅದನ್ನು ಮೀರದಂತೆ ತಡೆಯುವುದು). ಪಿಸುದನಿಯಲ್ಲಿ ಶುರುಮಾಡಿ ಗುಡುಗುವ ಪ್ರಸಂಗಿಗಳಿಗೆ ಒಂದು ಕಂಪ್ರೆಸರ್ ಸಾಲದು. ಒಂದಾದ ಮೇಲೊಂದು ಎರಡು, ಎರಡೂ ಮೆದುವಾಗಿ.

ಆದರೆ ಧ್ವನಿಗೆ ಜೀವ ಬಂದದ್ದು ಸಭೆಯ ಕಡೆ ತಿರುಗಿಸಿಟ್ಟ ಎರಡು ಕಂಡೆನ್ಸರ್ ಮೈಕಿನಿಂದ (ಸಣ್ಣ ಸದ್ದನ್ನೂ ಹಿಡಿಯುವ ಮೈಕು). ವೇದಿಕೆಯ ಎರಡು ತುದಿಯಲ್ಲಿ, ಸ್ಪೀಕರ್ ಸಾಲಿನ ಹಿಂದೆ, ಬೆಂಚುಗಳನ್ನು ನೋಡುವಂತೆ. ಜನ ಹಾಡುವುದು, ಆಮೆನ್ ಎನ್ನುವುದು, ಮಗು ಅಳುವುದು ಎಲ್ಲ ಅದರಲ್ಲಿ ಬರುತ್ತದೆ. ಹಾಸಿಗೆ ಹಿಡಿದ ಹಿರಿಯರೊಬ್ಬರು ಮನೆಯಿಂದ ಜೊತೆಗೂಡಿ ಹಾಡಬೇಕಾದರೆ ಪಕ್ಕದಲ್ಲಿ ಬೇರೆಯವರು ಹಾಡುವುದು ಕೇಳಿಸಲೇಬೇಕು. ಇವನ್ನು ಮುಖ್ಯ ಮಿಕ್ಸಿಗಿಂತ ಸುಮಾರು 15 ಡಿಬಿ ಕೆಳಗಿಡಿ, ಪ್ರಸಂಗದ ಹೊತ್ತಿಗೆ ಇನ್ನೂ ಇಳಿಸಿ. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಸ್ಪೀಕರಿನಿಂದ ಆ ಮೈಕಿಗೆ 10 ಮೀಟರ್ ಇದ್ದರೆ ಮಿಕ್ಸರಿನ ನೇರ ಸಾಲನ್ನು 30 ಮಿಲಿಸೆಕೆಂಡಿನಷ್ಟು ತಡಮಾಡಬೇಕು, ಇಲ್ಲದಿದ್ದರೆ ಬಾವಿಯೊಳಗೆ ಹಾಡಿದ ಹಾಗಿರುತ್ತದೆ. ಈ ಎರಡು ಮೈಕಿನ ಕೋನ ನಾವು ಹೇಗೆ ಹಿಡಿದೆವು ಎಂಬುದನ್ನು ಮಾತ್ರ ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ.

ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ತಕ್ಷಣ ಗುಂಯ್ ಎಂದರೆ ಅದು ಗ್ರೌಂಡ್ ಲೂಪ್ (ಎರಡು ಕಡೆ ಅರ್ಥ್ ಆಗಿ ಧ್ವನಿಯ ಕೇಬಲ್ಲಿನಲ್ಲಿ ವಿದ್ಯುತ್ ಸುತ್ತುವುದು). ಮಿಕ್ಸರಿನಿಂದ ಬರುವ ಲೈನಿನಲ್ಲಿ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವ ಉಪಾಯ ಹೇಳುವವರಿದ್ದಾರೆ, ಕೇಳಬೇಡಿ: ಮೈಕಿನ ಹತ್ತಿರ ತುಟಿಯಿಟ್ಟು ಹಾಡುವವರ ಜೀವದ ಪ್ರಶ್ನೆ ಅದು.

ತುಟಿಗೂ ಮಾತಿಗೂ ಹೊಂದದಿರುವುದು ಇನ್ನೊಂದು ಕಾಟ. ಚಿತ್ರ ಕ್ಯಾಪ್ಚರ್ ಕಾರ್ಡಿನಿಂದ ತಡವಾಗಿ ಬರುತ್ತದೆ, ಧ್ವನಿ ಮೊದಲೇ ಬಂದಿರುತ್ತದೆ. ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿ, ಫ್ರೇಮ್ ಎಣಿಸಿ. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಒಂದೊಂದಕ್ಕೂ 40 ಮಿಲಿಸೆಕೆಂಡ್. ಮೂರು ಫ್ರೇಮ್ ವ್ಯತ್ಯಾಸ ಎಂದರೆ ಓಬಿಎಸ್‌ನಲ್ಲಿ ಧ್ವನಿಗೆ 120 ಮಿಲಿಸೆಕೆಂಡ್ ತಡ ಕೊಡಿ. ಶುರುವಿನಲ್ಲಿ ಸರಿಯಿದ್ದು ಒಂದು ಗಂಟೆಯ ಹೊತ್ತಿಗೆ ಜಾರುತ್ತಿದ್ದರೆ ಸ್ಯಾಂಪಲ್ ದರ (ಸೆಕೆಂಡಿಗೆ ಎಷ್ಟು ಸಲ ಧ್ವನಿ ಅಳೆಯುತ್ತದೆ ಎಂಬುದು) ಮಿಕ್ಸರಿನಲ್ಲಿ 48 ಕಿಲೋಹರ್ಟ್ಸ್, ಕಂಪ್ಯೂಟರಿನಲ್ಲಿ 44.1 ಇದೆಯೇ ಎಂದು ಮೊದಲು ನೋಡಿ. ಎಲ್ಲವನ್ನೂ 48ಕ್ಕೆ ತನ್ನಿ.

ಕ್ಯಾಮೆರಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ (ಬೆಳಕು ಮತ್ತು ಬಣ್ಣದ ಹೊಂದಾಣಿಕೆ) ಎರಡನ್ನೂ ಕೈಯಾರೆ ಕಟ್ಟಿಹಾಕಿ. ಆಟೋದಲ್ಲಿ ಬಿಟ್ಟರೆ ಪ್ರಸಂಗ ಪೀಠದ ಹಿಂದಿನ ಕಿಟಕಿ ಬೆಳಗಿದಂತೆ ಸಭಾಪಾಲಕರ ಮುಖ ಕಪ್ಪಾಗುತ್ತದೆ. ವಿದ್ಯುತ್ 50 ಹರ್ಟ್ಸ್ ಇರುವಲ್ಲಿ 25 ಫ್ರೇಮ್, ಶಟರ್ 1/50. 60 ಇರುವಲ್ಲಿ 30 ಮತ್ತು 1/60. ಇಷ್ಟಾದರೂ ಎಲ್‌ಇಡಿ ದೀಪ ಮಿನುಗಿದರೆ ಡಿಮ್ಮರನ್ನು ಪೂರ್ತಿ ಏರಿಸಿ, ದೀಪವನ್ನೇ ದೂರ ಸರಿಸಿ. ಹಾಡಿನ ಸಾಹಿತ್ಯ ಬರುವ ಪರದೆಯನ್ನು ಕ್ಯಾಮೆರಾದಿಂದ ಹಿಡಿಯಬೇಡಿ, ಕಂಪ್ಯೂಟರಿನಿಂದಲೇ ಚಿತ್ರದ ಕೆಳಭಾಗಕ್ಕೆ ಕೊಡಿ.

ಇಂಟರ್‌ನೆಟ್: 1080ಪಿಗೆ ಸುಮಾರು 4500 ಕೆಬಿಪಿಎಸ್, 720ಪಿಗೆ 2500ರಿಂದ 3000, ಕೀಫ್ರೇಮ್ (ಪೂರ್ತಿ ಚಿತ್ರ ಕಳಿಸುವ ಅಂತರ) 2 ಸೆಕೆಂಡ್, ಅಪ್‌ಲೋಡ್ ವೇಗ ಬಿಟ್‌ರೇಟಿನ ಎರಡರಷ್ಟಾದರೂ ಇರಲಿ. ಶನಿವಾರ ಖಾಲಿ ಸಭಾಂಗಣದಲ್ಲಿ ವೈಫೈ ಪರೀಕ್ಷೆ ಮಾಡಿ ನಂಬಬೇಡಿ. ಭಾನುವಾರ ನೂರಾರು ಫೋನ್ ಒಳಗೆ ಬಂದಾಗ ಅದೇ ವೈಫೈ ಉಸಿರುಗಟ್ಟುತ್ತದೆ. ತಂತಿಯೇ ಗತಿ. ರೆಕಾರ್ಡಿಂಗ್ ಎಂಕೆವಿ ಎಂಬ ಫೈಲ್ ರೂಪದಲ್ಲಿ ಇಟ್ಟುಕೊಳ್ಳಿ. ನಡುವೆ ವಿದ್ಯುತ್ ಹೋದರೂ ಅಲ್ಲಿಯವರೆಗಿನದು ಉಳಿಯುತ್ತದೆ, ಎಂಪಿ4 ಆದರೆ ಪೂರ್ತಿ ಫೈಲೇ ತೆರೆಯದೆ ಹೋಗಬಹುದು. ಹೊಸ ಯೂಟ್ಯೂಬ್ ಚಾನೆಲ್ಲಿಗೆ ಲೈವ್ ತೆರೆಯಲು 24 ಗಂಟೆ ಹಿಡಿಯಬಹುದು, ಹಬ್ಬದ ಹಿಂದಿನ ರಾತ್ರಿ ಶುರುಮಾಡಬೇಡಿ.

ಪರವಾನಗಿಯ ಮಾತು ಯಾರಿಗೂ ಇಷ್ಟವಿಲ್ಲ, ಆದರೂ ಹೇಳಲೇಬೇಕು. ಆರಾಧನೆಯಲ್ಲಿ ಹಾಡುವುದಕ್ಕೆ ಇರುವ ವಿನಾಯಿತಿ ಸ್ಟ್ರೀಮಿಗೆ ತಾನಾಗಿ ದಾಟುವುದಿಲ್ಲ. ಸಿಸಿಎಲ್‌ಐನಲ್ಲೂ (ಆರಾಧನಾ ಹಾಡುಗಳಿಗೆ ಪರವಾನಗಿ ಕೊಡುವ ಸಂಸ್ಥೆ) ಸ್ಟ್ರೀಮಿಂಗ್ ಪರವಾನಗಿ ಬೇರೆಯೇ. ಇನ್ನೂರು ವರ್ಷದ ಹಳೆಯ ಸ್ತುತಿಗೀತೆಗೂ ಹಕ್ಕಿನ ನೋಟಿಸ್ ಬರುತ್ತದೆ: ರಾಗ ಹಳತು, ಆದರೆ ನೀವು ಹಿನ್ನೆಲೆಗೆ ಹಾಕಿದ ಟ್ರ್ಯಾಕ್ ಹೊಸ ಧ್ವನಿಮುದ್ರಣ. ಟ್ರ್ಯಾಕ್ ಬಿಟ್ಟು ನಮ್ಮ ಗಾಯನ ಮಂಡಳಿಯೇ ನುಡಿಸತೊಡಗಿದ ಮೇಲೆ ಆ ತಲೆನೋವು ಬಹುಪಾಲು ನಿಂತಿತು, ಹಾಡುಗಾರಿಕೆಯೂ ಸುಧಾರಿಸಿತು.

ಈಗ ಯುವಜನರು. ಆರಾಧನೆಯ ಮೊದಲ ರೇಡಿಯೋ ಪ್ರಸಾರವೆಂದು ಹೆಸರಾದದ್ದು 1921ರ ಜನವರಿ 2ರಂದು ಅಮೆರಿಕದ ಪಿಟ್ಸ್‌ಬರ್ಗಿನ ಕ್ಯಾಲ್ವರಿ ಎಪಿಸ್ಕೋಪಲ್ ಚರ್ಚಿನಿಂದ, ಕೆಡಿಕೆಎ ಕೇಂದ್ರದಲ್ಲಿ ನಡೆಯಿತು. ಹಿರಿಯ ಪಾದ್ರಿಗೆ ಆ ಹೊಸ ಯಂತ್ರದ ಮೇಲೆ ಭರವಸೆ ಇರಲಿಲ್ಲ. ನಡೆಸಿಕೊಟ್ಟವರು ಕಿರಿಯ ಪಾದ್ರಿ. ಎಂಜಿನಿಯರುಗಳಿಗೆ ಗಾಯನ ಮಂಡಳಿಯ ನಿಲುವಂಗಿ ತೊಡಿಸಿ ಒಳಗೆ ಕೂರಿಸಿದರು. ಸಮಿತಿಯಲ್ಲಿ ಈ ಸಂಗತಿ ಹೇಳಿದ ಮೇಲೆಯೇ ಕಂಟ್ರೋಲ್ ಕೋಣೆಯ ಕೀಲಿ ಹುಡುಗರ ಕೈಗೆ ಬಂದದ್ದು.

ವಿಡಿಯೋ ನೋಡಿ ಎಂದು ಕರೆದರೆ ಯುವಜನರು ಬರುವುದಿಲ್ಲ. ನೋಡಲು ಅವರಿಗೆ ಲೋಕದಲ್ಲಿ ಬೇಕಾದಷ್ಟಿದೆ. ಕೆಲಸ ಕೊಟ್ಟರೆ ಬರುತ್ತಾರೆ. ನಾಲ್ಕು ಕುರ್ಚಿ: ಧ್ವನಿ, ಓಬಿಎಸ್, ಸಾಹಿತ್ಯ, ಚಾಟ್. ಮೂರು ತಂಡ. ಹೀಗಾದರೆ ಪ್ರತಿಯೊಬ್ಬರಿಗೂ ಮೂರರಲ್ಲಿ ಎರಡು ಭಾನುವಾರ ಬೆಂಚಿನಲ್ಲಿ ಕೂತು ಆರಾಧಿಸಲು ಸಿಗುತ್ತದೆ. ಇದನ್ನು ಕಡೆಗಣಿಸಿದ ಸಭೆಗಳಲ್ಲಿ ಒಳ್ಳೆಯ ಹುಡುಗ ವರ್ಷಗಟ್ಟಲೆ ಯಂತ್ರದ ಹಿಂದೆ ಕೂತು, ಒಂದು ದಿನ ಸದ್ದಿಲ್ಲದೆ ಸಭೆಯನ್ನೇ ಬಿಟ್ಟುಹೋಗುತ್ತಾನೆ. ಹೊಸಬರು ಮೊದಲು ನೋಡುತ್ತಾರೆ, ಆಮೇಲೆ ಜೊತೆಗೆ ಮಾಡುತ್ತಾರೆ, ಆಮೇಲೆ ಒಬ್ಬರೇ, ಕೊನೆಗೆ ಇನ್ನೊಬ್ಬರಿಗೆ ಕಲಿಸುತ್ತಾರೆ. ಸಲಕರಣೆಗಳ ಸಣ್ಣ ಬಜೆಟ್ಟನ್ನೂ ಅವರ ಕೈಗೇ ಕೊಟ್ಟೆವು. ದೊಡ್ಡವರಿಗಿಂತ ಬಿಗಿಯಾಗಿ ಖರ್ಚು ಮಾಡಿದರು.

ಪೂರ್ತಿ ಲೈವ್ ಮನೆಯಲ್ಲಿ ಕಟ್ಟಿಬಿದ್ದವರಿಗೆ. ಕಿರಿಯರು ನೋಡುವುದು ವಾರದ ನಡುವೆ, ಪ್ರಸಂಗದಿಂದ ಕತ್ತರಿಸಿದ 60ರಿಂದ 90 ಸೆಕೆಂಡಿನ ತುಣುಕು. ಮೊದಲ ವಾಕ್ಯದಲ್ಲೇ ಪ್ರಶ್ನೆ ಇರಲಿ, ಸಭೆಯ ಲಾಂಛನ ತಿರುಗುವ ಮುನ್ನುಡಿ ಬೇಡ. ಶಬ್ದ ಮುಚ್ಚಿ ನೋಡುವವರಿಗಾಗಿ ಅಕ್ಷರ ಹಾಕಿ. ಯಂತ್ರ ಬರೆದ ಅಕ್ಷರದಲ್ಲಿ ಬೈಬಲ್ಲಿನ ಹೆಸರುಗಳು ಕೆಟ್ಟಿರುತ್ತವೆ, ಕೈಯಾರೆ ತಿದ್ದಿ. ಚೌಕಟ್ಟಿನ ಕೆಳಗಿನ ಐದನೇ ಒಂದು ಭಾಗ ಖಾಲಿ ಬಿಡಿ, ಅಲ್ಲಿ ಆ್ಯಪಿನ ಗುಂಡಿಗಳು ಕೂರುತ್ತವೆ. 1080ಪಿ ಚಿತ್ರದಿಂದ ಉದ್ದುದ್ದ ಕತ್ತರಿಸಿದರೆ ಸಿಗುವುದು ಬರೀ 608 ಪಿಕ್ಸೆಲ್ ಅಗಲ, ಮಂಕಾಗುತ್ತದೆ. ಅದಕ್ಕೆ ಮುಖ್ಯ ಕ್ಯಾಮೆರಾದ ಕೆಳಗೆ ಒಂದು ಫೋನನ್ನು ನೆಟ್ಟಗೆ ನಿಲ್ಲಿಸಿ ಬೇರೆಯಾಗಿ ಹಿಡಿಯುತ್ತೇವೆ, ಧ್ವನಿ ಮಿಕ್ಸರಿನದು. ತುಣುಕು ಆರಿಸುವುದು ಯುವಕರು; ಪ್ರಸಂಗದ ಅರ್ಥ ತಿರುಚಿಲ್ಲವೇ ಎಂದು ಸಭಾಪಾಲಕರು ನೋಡಿದ ಮೇಲೆಯೇ ಹೊರಗೆ.

ವೀಕ್ಷಣೆಯ ಸಂಖ್ಯೆ ನೋಡಿ ಹಿಗ್ಗಬೇಡಿ. ನೋಡಬೇಕಾದ್ದು ಜನ ಎಲ್ಲಿ ಬಿಟ್ಟುಹೋಗುತ್ತಾರೆ ಎಂಬ ಗ್ರಾಫನ್ನು. ನಮ್ಮಲ್ಲಿ ಅದು ಪ್ರಕಟಣೆಗಳ ಹೊತ್ತಿಗೆ ಬಂಡೆಯಂಚಿನಿಂದ ಬಿದ್ದಂತೆ ಬೀಳುತ್ತಿತ್ತು. ಪ್ರಕಟಣೆಗಳನ್ನು ಬರಹಕ್ಕೆ ಸಾಗಿಸಿದ ಮೇಲೆ ಸುಮಾರು ಮೂರನೇ ಒಂದು ಭಾಗ ಜನ ಆರಾಧನೆಯ ಕೊನೆಯ ಆಶೀರ್ವಾದದವರೆಗೆ ಹೆಚ್ಚಿಗೆ ಉಳಿದರು.

ಎಲ್ಲಕ್ಕಿಂತ ಫಲ ಕೊಟ್ಟದ್ದು ಉತ್ತರಿಸುವ ಪದ್ಧತಿ. ಪ್ರಾರ್ಥನಾ ವಿನಂತಿಯ ಫಾರಂನಲ್ಲಿ ಮೂರೇ ಖಾನೆ. ಅದೇ ದಿನ ಸಂಜೆಯೊಳಗೆ, ತನ್ನ ಹೆಸರು ಹೇಳಿ, ಒಬ್ಬ ಮನುಷ್ಯ ಉತ್ತರಿಸಬೇಕು. ಒಂದು ವಾರದ ನಂತರ ಮತ್ತೆ ವಿಚಾರಿಸಬೇಕು. ಮೂರನೆಯ ಸಲ ಎಂಟು ಹತ್ತು ಜನರ ಬೈಬಲ್ ಅಧ್ಯಯನಕ್ಕೆ ಕರೆಯಬೇಕು. ಮೊದಲ ಸಂದೇಶದ ಒಕ್ಕಣೆ ನಮ್ಮ ತಂಡದ ಸ್ವತ್ತು, ಅದನ್ನು ಹಂಚಿದರೆ ನಕಲಾಗಿ ಬಲ ಕಳೆದುಕೊಳ್ಳುತ್ತದೆ; ನಿಮ್ಮದನ್ನು ನೀವೇ ಬರೆಯಿರಿ. ವಾಟ್ಸ್‌ಆ್ಯಪ್ ಗುಂಪಿಗೆ 1024 ಜನ ಹಿಡಿಸುತ್ತಾರೆ ನಿಜ, ಆದರೆ ನಲವತ್ತು ದಾಟಿದರೆ ಮಾತು ನಿಂತು ಬರೀ ಫಾರ್ವರ್ಡ್ ಉಳಿಯುತ್ತದೆ. ಪ್ರಕಟಣೆಗೆ ಒಂದು ದೊಡ್ಡ ಗುಂಪು, ಮಾತಿಗೆ ಹನ್ನೆರಡರೊಳಗಿನ ಗುಂಪುಗಳು.

ಕೆಲವು ನಿಯಮಗಳಲ್ಲಿ ರಾಜಿಯಿಲ್ಲ. ಅಪ್ರಾಪ್ತರಿರುವ ಪ್ರತಿ ಗುಂಪಿನಲ್ಲಿ ಇಬ್ಬರು ದೊಡ್ಡವರು, ಯಾರೊಂದಿಗೂ ಒಂಟಿ ಚಾಟ್ ಇಲ್ಲ, ಪೋಷಕರ ಲಿಖಿತ ಒಪ್ಪಿಗೆ. ಸಭಾಂಗಣದಲ್ಲಿ ಕ್ಯಾಮೆರಾಕ್ಕೆ ಬೀಳದ ಬೆಂಚುಗಳನ್ನು ಗುರುತಿಸಿಡಿ. ಹೊಸ ವಿಶ್ವಾಸಿಗಳ ಸಾಕ್ಷಿಯನ್ನು (ನಂಬಿಕೆಗೆ ಬಂದ ಕಥೆಯನ್ನು) ಕೇಳದೆ ಪ್ರಸಾರ ಮಾಡಬೇಡಿ, ಕೆಲವರಿಗೆ ಅದು ಮನೆಯಿಂದಲೇ ಹೊರಬೀಳುವ ಸಂಗತಿ. ಕಾಯಿಲೆಯವರ ಹೆಸರನ್ನು ಲೈವಿನಲ್ಲಿ ಓದಬೇಡಿ. ಪ್ರಭು ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರದ) ವಿಷಯದಲ್ಲಿ ನಿಮ್ಮ ಸಭೆಯ ನಿಲುವನ್ನು ಮೊದಲೇ ಬರೆದಿಡಿ. ಕಥೋಲಿಕ ಸಭೆ 2002ರಲ್ಲೇ ಅಂತರ್ಜಾಲದಲ್ಲಿ ಸಂಸ್ಕಾರಗಳಿಲ್ಲ ಎಂದು ಸ್ಪಷ್ಟಪಡಿಸಿತು, ಬೇರೆಯವರ ನಿಲುವು ಬೇರೆ. ನಾವು ಆ ಹೊತ್ತು ದೂರದ ಚಿತ್ರವನ್ನಷ್ಟೇ ಇಡುತ್ತೇವೆ.

ಕಾಣಿಕೆಯ ಕ್ಯೂಆರ್ ಅನ್ನು ಪರದೆಯಲ್ಲಿ ಇಪ್ಪತ್ತು ಸೆಕೆಂಡಾದರೂ ನಿಲ್ಲಿಸಿ. ಗೋಡೆಗೆ ಅಂಟಿಸಿದ್ದರೆ ಪ್ರತಿ ವಾರ ಸ್ಕ್ಯಾನ್ ಮಾಡಿ ನೋಡಿ, ಮೇಲೆ ಬೇರೆಯವರದು ಅಂಟಿಸುವ ಮೋಸವಿದೆ. ಸಭಾಪಾಲಕರ ಹೆಸರಿನ ನಕಲಿ ಖಾತೆಯಿಂದ ಹಣ ಕೇಳುವುದೂ ಇದೆ. ಅವರು ಚಾಟಿನಲ್ಲಿ ಎಂದೂ ಹಣ ಕೇಳುವುದಿಲ್ಲ ಎಂದು ತಿಂಗಳಿಗೊಮ್ಮೆ ಹೇಳುತ್ತಿರಿ. ಕಿರಿಯರ ಮೊತ್ತ ಸಣ್ಣದು, ಆದರೆ ತಿಂಗಳು ತಿಂಗಳು ತಾನಾಗಿ ಬರುವಂತೆ ಇಡುತ್ತಾರೆ. ಈಗ ವಾರ್ಷಿಕ ಖರ್ಚು ಬಹುಮಟ್ಟಿಗೆ ಅದರಲ್ಲೇ ತೂಗುತ್ತಿದೆ.

ಪಕ್ಕದ ಪ್ರಯೋಗಗಳು ಎರಡು. ಕಿವಿ ಮಂದವಾದವರಿಗೆ ಸಭಾಂಗಣದೊಳಗೇ ವೈಫೈ ಮೂಲಕ ಫೋನಿಗೆ ಧ್ವನಿ ಕೊಟ್ಟು ನೋಡಿದೆವು. ಬ್ಲೂಟೂತ್ ಇಯರ್‌ಫೋನ್ ಹಾಕಿದವರಿಗೆ 200 ಮಿಲಿಸೆಕೆಂಡಿನಷ್ಟು ತಡವಾಗಿ ಪ್ರತಿಧ್ವನಿಯೇ ಕೇಳಿತು. ತಂತಿಯ ಇಯರ್‌ಫೋನಿನಲ್ಲಿ ಪರವಾಗಿಲ್ಲ. ಅದೇ ದಾರಿಯನ್ನು ಅನುವಾದಕ್ಕೆ ಬಳಸಿದಾಗ ತಡ ಲೆಕ್ಕಕ್ಕೇ ಬರಲಿಲ್ಲ, ಆ ಬಳಕೆ ಉಳಿದುಕೊಂಡಿತು. ಇನ್ನೊಂದು, ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರಿಗೆ ಕರೆ ಮಾಡಿದರೆ ಪ್ರಸಂಗ ಕೇಳಿಸುವ ಫೋನ್ ಸಾಲು. ಚರ್ಚ್ ಆಫ್ ಇಂಗ್ಲೆಂಡ್ 2020ರ ಏಪ್ರಿಲ್‌ನಲ್ಲಿ ಇಂಥ ಉಚಿತ ಸಾಲು ತೆರೆದದ್ದನ್ನು ನೋಡಿ ಕಲಿತದ್ದು. ನಮ್ಮ ಎಲ್ಲ ಯಂತ್ರಗಳಲ್ಲಿ ಅಗ್ಗದ್ದು ಇದೇ. ಇದಕ್ಕೆ ಹಾಡಿನ ಮಿಕ್ಸ್ ಬೇಡ, ಮಾತಿನದಷ್ಟೇ ಕೊಡಿ. ಸಾಮಾನ್ಯ ಫೋನ್ ಸಾಲು ಸುಮಾರು 300ರಿಂದ 3400 ಹರ್ಟ್ಸ್ ಮಾತ್ರ ಒಯ್ಯುತ್ತದೆ, ವಾದ್ಯ ಸೇರಿಸಿದರೆ ಮಾತು ಮುಳುಗಿಹೋಗುತ್ತದೆ.