ಬೆಳಗಿನ ಚಳಿಗೆ ಏಳದ ಮದರ್‌ಬೋರ್ಡ್: ಪತ್ತೆ ಹಚ್ಚಿದ ಬಗೆ, ಬದಲಿಸಿದ ಬಗೆ

ಮಂಡ್ಯದಲ್ಲಿ ನ್ಯಾಯಾಲಯದ ಆಸುಪಾಸಿನಲ್ಲಿ ನಾನು ನಡೆಸುವ ಡಿಟಿಪಿ ಅಂಗಡಿಯಲ್ಲಿ ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆಗಳ ಕೆಲಸವೆಲ್ಲ ಒಂದೇ ಕಂಪ್ಯೂಟರನ್ನು ನಂಬಿಕೊಂಡಿತ್ತು. ಇಂಟೆಲ್‌ನ ಮೂರನೇ ತಲೆಮಾರಿನ ಐ3 ಪ್ರೊಸೆಸರ್, ಎಚ್61 ಚಿಪ್‌ಸೆಟ್ಟಿನ ಬೋರ್ಡ್, ಡಿಡಿಆರ್3 ರ‍್ಯಾಮ್ ಇದ್ದ ಆ ಯಂತ್ರ ಚಳಿಗಾಲದಲ್ಲಿ ಒಂದು ವಿಚಿತ್ರ ಚಾಳಿ ಹಿಡಿಯಿತು. ಬೆಳಗ್ಗೆ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತಿತ್ತು, ಆದರೆ ಪರದೆಯ ಮೇಲೆ ಏನೂ ಮೂಡುತ್ತಿರಲಿಲ್ಲ. ಮತ್ತೆ ಮತ್ತೆ ಆಫ್ ಮಾಡಿ ಆನ್ ಮಾಡಿದ ಮೇಲೆ ಹೇಗೋ ಎದ್ದುಬಿಟ್ಟರೆ ಸಂಜೆಯವರೆಗೂ ತಕರಾರಿಲ್ಲದೆ ಓಡುತ್ತಿತ್ತು.

ಡಿಸ್‌ಪ್ಲೇ ಬರದ ಕಂಪ್ಯೂಟರನ್ನು ಕಂಡ ಕೂಡಲೇ ‘ಬೋರ್ಡ್ ಹೋಗಿದೆ’ ಎಂದುಬಿಡುವುದು ರೂಢಿ. ಬೋರ್ಡನ್ನು ನೇರವಾಗಿ ಪರೀಕ್ಷಿಸುವ ಸಲಕರಣೆ ನಮ್ಮಂಥವರ ಬಳಿ ಇರುವುದಿಲ್ಲ. ಮಿಕ್ಕ ಭಾಗಗಳೆಲ್ಲ ಸರಿಯಿವೆ ಎಂದು ಒಂದೊಂದಾಗಿ ಖಾತ್ರಿ ಮಾಡಿಕೊಂಡಾಗ ಮಾತ್ರ ದೋಷ ಅದರ ಮೇಲೆ ನಿಲ್ಲುತ್ತದೆ. ಆದರೆ ಆ ಪತ್ತೆಯ ಕೆಲಸಕ್ಕೂ ಮೊದಲು, ಯಂತ್ರ ಎದ್ದಿದ್ದ ಒಂದು ಮಧ್ಯಾಹ್ನ ಎಲ್ಲ ಕಡತಗಳನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿಕೊಂಡೆ. ನಮ್ಮ ವೃತ್ತಿಯವರು ಇಲ್ಲಿ ಮರೆಯಬಾರದ್ದು ಫಾಂಟ್‌ಗಳ ಫೋಲ್ಡರ್. ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯ ಹಳೆಯ ಆಸ್ಕಿ (ರೋಮನ್ ಅಕ್ಷರಗಳ ಸಂಕೇತಗಳನ್ನೇ ಬಳಸುವ) ಫಾಂಟ್‌ಗಳಲ್ಲಿ ಟೈಪ್ ಮಾಡಿದ ಅರ್ಜಿಯನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸುಮೇಲೋಗರವಾಗಿ ಕಾಣುತ್ತವೆಯೇ ಹೊರತು ಒಂದು ಪದವೂ ಓದಲು ಬರುವುದಿಲ್ಲ.

ಕಂಪ್ಯೂಟರಿನ ಗಡಿಯಾರವೂ ಹಿಂದಕ್ಕೆ ಹೋಗುತ್ತಿದ್ದುದರಿಂದ ಮೊದಲು ಬೋರ್ಡಿನ ಮೇಲಿನ 3 ವೋಲ್ಟಿನ ಸಿಆರ್2032 ಸೆಲ್ ಬದಲಿಸಿದೆ. ಗಡಿಯಾರ ಸರಿಹೋಯಿತು, ಚಾಳಿ ಹೋಗಲಿಲ್ಲ.

ಮುಂದಿನ ಸರದಿ ಎಸ್‌ಎಂಪಿಎಸ್‌ನದು, ಅಂದರೆ ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಪೆಟ್ಟಿಗೆಯದು. 24 ಪಿನ್ ಕನೆಕ್ಟರಿನ ಹಸಿರು ತಂತಿಗೂ ಒಂದು ಕಪ್ಪು ತಂತಿಗೂ ಪೇಪರ್ ಕ್ಲಿಪ್ ಸೇರಿಸಿ, ಫ್ಯಾನ್ ತಿರುಗಿತೆಂದು ಅದನ್ನು ಪಾಸು ಮಾಡಿಬಿಡುವವರಿದ್ದಾರೆ. ಭಾರ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ. ಹಾಗಾಗಿ ಕನೆಕ್ಟರನ್ನು ಬೋರ್ಡಿಗೆ ಜೋಡಿಸಿಟ್ಟೇ, ಮಲ್ಟಿಮೀಟರಿನ ಕಡ್ಡಿಯನ್ನು ಹಿಂಬದಿಯಿಂದ ತೂರಿಸಿ ಅಳೆದೆ. ಹಳದಿ ತಂತಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟಿನೊಳಗೆ ಇರಬೇಕು, ಮೂರೂ ಇದ್ದವು. ಸಂಶಯ ಉಳಿಯದಿರಲೆಂದು ಬೇರೊಂದು ಎಸ್‌ಎಂಪಿಎಸ್ ಹಾಕಿಯೂ ನೋಡಿದೆ. ಬೆಳಗಿನ ಪಾಡು ಬದಲಾಗಲಿಲ್ಲ.

ಬಳಿಕ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಬಿಚ್ಚಿ ರಟ್ಟಿನ ಮೇಲಿಟ್ಟು, ಪ್ರೊಸೆಸರ್, ಅದರ ಫ್ಯಾನ್ ಮತ್ತು ಪುಟ್ಟ ಸ್ಪೀಕರ್ ಬಿಟ್ಟು ಉಳಿದುದೆಲ್ಲವನ್ನೂ ತೆಗೆದೆ. ರ‍್ಯಾಮ್ ಇಲ್ಲದ ಬೋರ್ಡಿಗೆ ವಿದ್ಯುತ್ ಕೊಟ್ಟಾಗ ಅದು ಬೀಪ್ ಎಂದು ದೂರಿದರೆ ಪ್ರೊಸೆಸರೂ ಬಯಾಸೂ (ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಜೀವಂತವಾಗಿವೆ ಎಂದರ್ಥ. ನನ್ನ ಬೋರ್ಡ್ ಮಧ್ಯಾಹ್ನ ಬೀಪ್ ಎನ್ನುತ್ತಿತ್ತು, ಬೆಳಗ್ಗೆ ಉಸಿರೆತ್ತುತ್ತಿರಲಿಲ್ಲ. ಅಲ್ಲಿಗೆ ರ‍್ಯಾಮ್ ಮೇಲಿನ ಅನುಮಾನ ಬಹುಮಟ್ಟಿಗೆ ಕಳೆಯಿತು. ಆದರೂ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ರಾತ್ರಿಯಿಡೀ ಓಡಿಸಿದಾಗ ಒಂದು ದೋಷವೂ ಬರಲಿಲ್ಲ. ಪ್ರೊಸೆಸರನ್ನು ಗೆಳೆಯರೊಬ್ಬರ ಎಚ್61 ಯಂತ್ರಕ್ಕೆ ಹಾಕಿ ನೋಡಿದರೆ ಅಲ್ಲಿ ಅದು ಬೆಳಗಿನ ಹೊತ್ತೂ ನೆಟ್ಟಗೆ ಎದ್ದಿತು.

ಉಳಿದದ್ದು ಬೋರ್ಡ್ ಒಂದೇ. ಟಾರ್ಚ್ ಹಿಡಿದು ಓರೆಯಾಗಿ ನೋಡಿದಾಗ ಪ್ರೊಸೆಸರ್ ಸಾಕೆಟ್ಟಿನ ಪಕ್ಕದಲ್ಲಿ, ಹೀಟ್‌ಸಿಂಕಿನ ಬಿಸಿಗಾಳಿ ಬಡಿಯುವ ಜಾಗದಲ್ಲೇ, ಕೆಲವು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ (ವೋಲ್ಟೇಜನ್ನು ಏರಿಳಿತವಿಲ್ಲದೆ ಸಮವಾಗಿಡುವ ಪುಟ್ಟ ಡಬ್ಬಿಗಳ) ನೆತ್ತಿ ಉಬ್ಬಿತ್ತು. ನೆತ್ತಿಯ ಮೇಲಿನ ಗೀರು ಒಂದರಲ್ಲಿ ಬಿರುಕು ಬಿಟ್ಟು ಕಂದು ಬಣ್ಣದ ಕರೆ ಕಟ್ಟಿತ್ತು. ಈ ಕೆಪಾಸಿಟರಿನೊಳಗಿನ ದ್ರವ ಬಿಸಿಗೆ ಬತ್ತುತ್ತಾ ಬಂದಂತೆ ಅದರ ಒಳರೋಧ ಹೆಚ್ಚುತ್ತದೆ, ತಂಪಿನಲ್ಲಿ ಇನ್ನಷ್ಟು ಹೆಚ್ಚುತ್ತದೆ. ಆಗ ಪ್ರೊಸೆಸರಿಗೆ ಬೇಕಾದ ಸಮನಾದ ವೋಲ್ಟೇಜ್ ಸಿಗುವುದಿಲ್ಲ. ಮರುದಿನ ಬೆಳಗ್ಗೆ ವಿದ್ಯುತ್ ಕೊಡುವ ಮುನ್ನ ಹೇರ್ ಡ್ರೈಯರ್‌ನಿಂದ ಆ ಭಾಗಕ್ಕಷ್ಟೇ ಹದವಾಗಿ ಬಿಸಿಗಾಳಿ ಹಿಡಿದೆ. ಮೊದಲ ಒತ್ತಿಗೇ ಯಂತ್ರ ಎದ್ದಿತು. ಚಾಳಿಯ ಕಾರಣ ಅಲ್ಲಿಗೆ ಬಯಲಾಯಿತು.

ರಿಪೇರಿ ಮಾಡಬಹುದಿತ್ತು. ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿ ತಾಳುವ ಲೋ ಇಎಸ್‌ಆರ್ (ಒಳರೋಧ ಕಡಿಮೆಯಿರುವ) ಕೆಪಾಸಿಟರ್‌ಗಳು ಬೇಕು. ಹಲವು ಪದರಗಳ ಬೋರ್ಡ್ ಬೆಸುಗೆಯ ಬಿಸಿಯನ್ನು ಹೀರಿಕೊಳ್ಳುವುದರಿಂದ ಕೈ ಪಳಗಿದವರೇ ಮಾಡಬೇಕಾದ ಕೆಲಸವದು. ನಮ್ಮೂರಿನ ರಿಪೇರಿ ಹುಡುಗ ನೇರವಾಗಿಯೇ ಹೇಳಿದ: “ಹಾಕ್ಕೊಡ್ತೀನಿ ಅಣ್ಣ, ಆದ್ರೆ ಪಕ್ಕದ್ದು ಯಾವಾಗ ಉಬ್ಬುತ್ತೆ ಅಂತ ಹೇಳಕಾಗಲ್ಲ.” ಮನೆಯ ಬಳಕೆಗಾಗಿದ್ದರೆ ಒಪ್ಪುತ್ತಿದ್ದೆ. ಕಕ್ಷಿದಾರರು ಕಾಯುತ್ತ ಕೂರುವ ಅಂಗಡಿಗೆ ಅದು ಸಲ್ಲದು ಎನಿಸಿತು. ಇನ್ನೊಂದು ಹಳೆಯ ಎಚ್61 ಬೋರ್ಡ್ ತರುವುದೂ ಅಷ್ಟೇ: ಅದರ ಮೇಲಿನ ಕೆಪಾಸಿಟರ್‌ಗಳಿಗೂ ಹೆಚ್ಚುಕಡಿಮೆ ಇಷ್ಟೇ ವಯಸ್ಸಾಗಿರುತ್ತದೆ. ಸಾಲದ್ದಕ್ಕೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮೂರನೇ ತಲೆಮಾರಿನ ಪ್ರೊಸೆಸರ್ ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇಲ್ಲ.

ಹಾಗಾಗಿ ಎಚ್610 ಬೋರ್ಡಿಗೂ 12ನೇ ತಲೆಮಾರಿನ ಐ3ಗೂ ಮನಸ್ಸು ಮಾಡಿದೆ. ಬೋರ್ಡ್ ಒಂದನ್ನೇ ಬದಲಿಸುವುದೆಂಬುದು ಇಲ್ಲಿ ಮಾತಿಗಷ್ಟೇ. ಡಿಡಿಆರ್3ರ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಹಳೆಯ ರ‍್ಯಾಮ್ ಕೂರುವುದಿಲ್ಲ. ಎಚ್610ರಲ್ಲಿ ಡಿಡಿಆರ್4ರ ಬೋರ್ಡೂ ಇದೆ, ಡಿಡಿಆರ್5ರದೂ ಇದೆ, ನೋಡಿ ಕೊಳ್ಳಬೇಕು. ಹೀಟ್‌ಸಿಂಕಿನ ರಂಧ್ರಗಳ ಅಂತರ 75 ಮಿಲಿಮೀಟರಿನಿಂದ 78ಕ್ಕೆ ಏರಿರುವುದರಿಂದ ಹಳೆಯದು ಹೊಂದುವುದಿಲ್ಲ. ಹೆಸರಿನ ಕೊನೆಗೆ ‘ಎಫ್’ ಇರುವ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಅಗ್ಗವೆಂದು ತಂದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ಹಣ ಸುರಿಯಬೇಕಾಗುತ್ತದೆ. ಪ್ರೊಸೆಸರಿಗೆ 8 ಪಿನ್ ಕನೆಕ್ಟರ್ ಕೊಡುವ ಹೊಸ ಎಸ್‌ಎಂಪಿಎಸ್ಸನ್ನೂ ಸೇರಿಸಿದೆ. ಯಂತ್ರದ ಜೊತೆ ಬಂದ ಒಇಎಂ ವಿಂಡೋಸ್ ಪರವಾನಗಿ ಹಳೆಯ ಬೋರ್ಡಿಗೇ ಕಟ್ಟುಬಿದ್ದಿರುವುದರಿಂದ ಹೊಸ ಪರವಾನಗಿಯ ಖರ್ಚನ್ನೂ ಲೆಕ್ಕಕ್ಕೆ ಹಿಡಿದೆ. ವಿಂಡೋಸ್ 11ರಲ್ಲಿ 32 ಬಿಟ್‌ನ ಆವೃತ್ತಿಯೇ ಇಲ್ಲ. ಆದ್ದರಿಂದ ಕೊಳ್ಳುವ ಮೊದಲೇ ನನ್ನ ಹಳೆಯ ಲೇಸರ್ ಪ್ರಿಂಟರಿಗೆ 64 ಬಿಟ್ ಡ್ರೈವರ್ ಇದೆಯೆಂದು ಖಚಿತಪಡಿಸಿಕೊಂಡೆ.

ಬೆಂಗಳೂರಿನ ಎಸ್‌ಪಿ ರಸ್ತೆಗೆ ರೈಲಿನಲ್ಲಿ ಹೋಗಿ ಸಾಮಾನು ತಂದೆ. ಹಳೆಯ ಡಿಸ್ಕಿನ ವಿಂಡೋಸ್ ಎಂಬಿಆರ್ ಎಂಬ ಹಳೆಯ ಡಿಸ್ಕ್ ವಿಭಜನೆಯ ಪದ್ಧತಿಯದು, ಹೊಸ ಬೋರ್ಡ್ ಬಯಾಸಿನ ಹೊಸ ರೂಪವಾದ ಯುಇಎಫ್‌ಐಯಿಂದ ಮಾತ್ರ ಬೂಟ್ ಆಗುವಂಥದ್ದು. ಹಾಗಾಗಿ ಹೊಸ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಹೊಸದಾಗಿ ಹಾಕಿ, ಹಳೆಯ ಡಿಸ್ಕನ್ನು ಕಡತಗಳಿಗಷ್ಟೇ ಎರಡನೆಯದಾಗಿ ಜೋಡಿಸಿದೆ. ಫಾಂಟ್‌ಗಳನ್ನು ಹಾಕಿ ಹಳೆಯ ಅರ್ಜಿಯೊಂದನ್ನು ತೆರೆದು, ಒತ್ತಕ್ಷರ ಒಂದೂ ಕದಲಿಲ್ಲವೆಂದು ಮುದ್ರಿಸಿ ನೋಡಿದ ಮೇಲೆಯೇ ಗಿರಾಕಿಗಳ ಕೆಲಸ ಶುರುಮಾಡಿದೆ. ಬೋರ್ಡಿನ ಸಾಕೆಟ್ಟಿಗೆ ಮುಚ್ಚಿದ್ದ ಪ್ಲಾಸ್ಟಿಕ್ ಮುಚ್ಚಳವನ್ನು ಬಿಲ್ಲಿನ ಜೊತೆಗೆ ಡಬ್ಬಿಯಲ್ಲಿಟ್ಟಿದ್ದೇನೆ; ಪಿನ್‌ಗಳನ್ನು ಕಾಯುವ ಆ ಮುಚ್ಚಳವಿಲ್ಲದೆ ಕಳಿಸಿದ ಬೋರ್ಡನ್ನು ವಾರಂಟಿಯಲ್ಲಿ ತೆಗೆದುಕೊಳ್ಳಲು ತಯಾರಕರು ಒಪ್ಪದಿರಬಹುದು.